ಅಪ್ಪನ ಕಡೆಯ ಪದ

ನಮ್ಮವ್ವ ಹೊಳೆಮ್ಮನಷ್ಟು ಹಟಮಾರಿ ಹೆಂಗಸು ಕಂಪ್ಲಿಯಲ್ಲಿ ಇನ್ನೊಬ್ಬಳಿಲ್ಲ. ಅಪ್ಪ ಜಂಬಯ್ಯ ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡುತ್ತ ತತ್ವಪದ ಕಟ್ಟಿದವನು. ಅಕ್ಷರ ಬರುತ್ತಿರಲಿಲ್ಲ, ಕಟ್ಟಿದ್ದೆಲ್ಲ ಬಾಯಲ್ಲೇ. ಅವನ ಪದಗಳನ್ನು ಊರೇ ಹಾಡುತ್ತದೆ. ಸಾಯುವ ಮುಂಚೆ ಕಟ್ಟಿದ ಕಡೆಯ ಪದ ಮಾತ್ರ ಅವ್ವನದು. ವರ್ಷಕ್ಕೊಮ್ಮೆ, ಅವನು ತೀರಿಕೊಂಡ ದಿನ, ಸಮಾಧಿಗೆ ಎಡೆ ಇಟ್ಟು ಅವಳೊಬ್ಬಳೇ ಅದನ್ನು ಹಾಡುತ್ತಾಳೆ. ಅವಳಿರುವ ತನಕ ಬೇರೆಯವರು ಬಾಯಿಗೆ ತರುವಂತಿಲ್ಲ. ಚಿಕ್ಕಂದಿನಲ್ಲಿ ಗುನುಗಿದ್ದಕ್ಕೆ ನನ್ನ ಕೆನ್ನೆ ಊದುವಂತೆ ಬಾರಿಸಿದ್ದಳು.

ಟೀಚರಾದ ಮೇಲೆ ಎಷ್ಟೋ ಸಲ ಗೋಗರೆದೆ. "ಹೇಳಿಕೊಡವ್ವ, ಕಲಿತೀನಿ."

"ನಾ ಸತ್ತ ಮ್ಯಾಲ ಹಾಡಂತಿ."

"ಸತ್ತ ಮ್ಯಾಲ ಕಲಿಸಾಕ ನೀ ಎಲ್ಲಿರ್ತಿ?"

"ಕೇಳಿ ಕೇಳಿ ಬರ್ತೈತಿ, ಹೋಗು."

ಈ ವರ್ಷ ಅಪ್ಪನ ಇಪ್ಪತ್ತೈದನೆಯ ಪುಣ್ಯತಿಥಿ. ಹೊಸಪೇಟೆಯ ಸಾಹಿತ್ಯ ಸಂಘದವರು ಅವನ ಪದಗಳ ಪುಸ್ತಕ ತರಲು ಹೊರಟಿದ್ದರು. ಕಡೆಯ ಪದವನ್ನು ಆ ದಿನ ಅವಳು ಹಾಡುವಾಗ ಟೇಪ್ ಮಾಡಿಕೊಳ್ಳುತ್ತೇವೆಂದಾಗ ಅವ್ವ ಅದು ಹೇಗೋ ಒಪ್ಪಿದಳು. ನನಗೆ ಹೋದ ಜೀವ ಬಂದಂತಾಯಿತು.

ದಿನ ಹತ್ತಿರ ಬಂದಾಗ ಅವ್ವ ಬಚ್ಚಲಲ್ಲಿ ಕುಸಿದಳು. ಲಕ್ವ. ಬಲಗಡೆ ಬಿದ್ದುಹೋಯಿತು, ಮಾತು ನಿಂತಿತು. ಡಾಕ್ಟರು ಕೈಚೆಲ್ಲಿದರು.

"ಅವ್ವಾ, ಪದ ನೆನಪೈತಾ?"

ತಲೆಯಾಡಿಸಿದಳು. ಎಲ್ಲ ಒಳಗೇ ಇತ್ತು.

"ಹಂಗಾರ ನಾ ಹಾಡ್ತೀನಿ, ತಪ್ಪಿದ್ರ ತೋರ್ಸು," ಎಂದು ಶುರುಮಾಡಿದೆ. ಎಡಗೈಯಿಂದ ನನ್ನ ಬಾಯಿ ಮುಚ್ಚಿದಳು. ಆ ಸ್ಥಿತಿಯಲ್ಲೂ! ನನಗೆ ಸಿಟ್ಟು ನೆತ್ತಿಗೇರಿತು. ಹಿತ್ತಿಲಿಗೆ ಹೋಗಿ ಅತ್ತೆ.

ಪುಣ್ಯತಿಥಿಯ ದಿನ ಅವಳನ್ನು ಮಂಚದ ಸಮೇತ ಸಮಾಧಿಯ ಬಳಿ ಹೊತ್ತು ತಂದರು. ಸಂಘದ ಹೊನ್ನೂರಪ್ಪನವರು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನನ್ನತ್ತ ತಿರುಗಿದರು. "ಅಮ್ಮಾರ ಕೈಲಿ ಆಗಂಗಿಲ್ಲ. ನೀವಾದ್ರೂ ಹಾಡ್ರಿ, ಟೀಚರ್."

ಅವ್ವನನ್ನು ನೋಡಿದೆ. ಕಣ್ಣು ತುಂಬಿಕೊಂಡು, ಹೂಂ ಎಂಬಂತೆ ತಲೆಯಾಡಿಸಿದಳು.

ಮೊದಲ ನುಡಿ ಬಂತು. ಎರಡನೆಯದು ತಡವರಿಸುತ್ತ ಬಂತು. ಮೂರನೆಯದು ಬರಲೇ ಇಲ್ಲ. ಇಷ್ಟು ವರ್ಷ ಕೇಳಿದ್ದೇನೆ, ರಾಗ ಗೊತ್ತು, ಮುಂದಿನ ಮಾತು ಮಾತ್ರ ಒಂದೂ ನೆನಪಿಲ್ಲ. ಏನಾದರೂ ಸೇರಿಸಿ ಹಾಡಿಬಿಡಲೇ ಎನಿಸಿತು. ಅಲ್ಲಿದ್ದ ಯಾರಿಗೂ ತಿಳಿಯುತ್ತಿರಲಿಲ್ಲ. ಅವ್ವನಿಗೆ ತಿಳಿಯುತ್ತಿತ್ತು. ನಿಲ್ಲಿಸಿದೆ.

ಆಗ ಮಂಚದ ಪಟ್ಟಿಯ ಮೇಲೆ ಅವಳ ಎಡಗೈ ತಾಳ ಹಾಕತೊಡಗಿತು. ಸೊಟ್ಟಗಾದ ತುಟಿ ಅದರುತ್ತಿತ್ತು, ದನಿ ಮಾತ್ರ ಹೊರಡಲಿಲ್ಲ. ಒಳಗೆ ಹಾಡುತ್ತಿದ್ದಳು. ಮೂರನೆಯ ನುಡಿ ಮುಗಿಯಿತು, ಪಲ್ಲವಿಗೆ ಬಂದಳು, ನಾಲ್ಕನೆಯದನ್ನು ಹಿಡಿದಳು. ತಾಳದಲ್ಲೇ ನನಗೆ ಅದೆಲ್ಲ ಗೊತ್ತಾಗುತ್ತಿತ್ತು. ನಾನು ಅವಳ ಬಾಯಿಯನ್ನೇ ನೋಡುತ್ತ ಒಂದಾದರೂ ಮಾತು ಸಿಗಲೆಂದು ಬೇಡಿಕೊಂಡೆ.

ಆ ಕಡೆಯ ನುಡಿಯೂ ಮುಗಿದು ಕೈ ನಿಂತಿತು. ಅವ್ವ ದಣಿದು ಕಣ್ಣು ಮುಚ್ಚಿಕೊಂಡಳು.

"ಮುಂದ ಐತೇನ್ರಿ?" ಎಂದು ಹೊನ್ನೂರಪ್ಪನವರು ಮೆಲ್ಲಗೆ ಕೇಳಿದರು.

"ಇಲ್ರಿ," ಎಂದೆ. "ಅವ್ವ ಪೂರ್ತಿ ಹಾಡಿದ್ಲು."