ಅಪ್ಪನ ಕೈಗುಣ

ಗಾಜಿನ ಮನೆಯ ಬಾಗಿಲು ತಳ್ಳಿದವಳು ಅಲ್ಲೇ ನಿಂತಳು. ಟೊಮೆಟೊ ಸಸಿಗಳಿಗೆ ಚಿಬ್ಬು ಹತ್ತಿತ್ತು. ಶುಕ್ರವಾರ ಹಚ್ಚಹಸಿರಾಗಿದ್ದ ಎಲೆಗಳ ಮೇಲೆ ತಿಳಿ ಹಳದಿ ತೇಪೆಗಳು. ತುದಿಯೆಲೆಗಳು ಮುರುಟಿಕೊಂಡು, ಮುನಿಸಿಕೊಂಡ ಮಕ್ಕಳ ಹಾಗೆ ಮುಖ ತಿರುಗಿಸಿದ್ದವು. ಮೊಸಾಯಿಕ್ ವೈರಸ್. ಯಾವ ರೋಗವನ್ನು ಸೋಲಿಸಲು ಅವಳು ಇಷ್ಟು ವರ್ಷ ದುಡಿದಿದ್ದಳೋ ಅದೇ ರೋಗ, ಕರೆಯದೆ ಬಂದ ನೆಂಟನಂತೆ ಕಾಲು ಚಾಚಿ ಕೂತಿತ್ತು.

ಮೊದಲು ಅವಳು ಮನುಷ್ಯರ ರೋಗಗಳ ವಿಜ್ಞಾನಿ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಜ್ವರದ ವೈರಸ್ಸುಗಳ ಜೀನುಗಳನ್ನು ಬಿಡಿಸಿ ಓದುತ್ತಿದ್ದಳು. ಅಂಥದೇ ಒಂದು ಜ್ವರದಲ್ಲಿ ಗಂಡ ಹೋದ. ಆಮೇಲೆ ಗಿಡಗಳ ಕಡೆ ಬಂದಳು. ಗಿಡ ಸತ್ತರೆ ಯಾರಿಗೂ ಫೋನ್ ಮಾಡಿ ಹೇಳಬೇಕಾಗಿಲ್ಲ. ಅಪ್ಪ ಬಂದು ಅವಳ ಜೊತೆ ಇರತೊಡಗಿದ್ದೂ ಆಗಲೇ. ಹೃದಯದ ಆಪರೇಷನ್ ಆದವನು. ಇನ್ನು ಸಿಗರೇಟು ಮುಟ್ಟುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟವನು.

ಸಸಿಗಳಲ್ಲಿ ಅರ್ಧಕ್ಕೆ ಅವಳು ವೈರಸ್ಸನ್ನು ಒಳಗೆ ಬೆಳೆಯಗೊಡದ ಒಂದು ಜೀನ್ ಸೇರಿಸಿದ್ದಳು. ಉಳಿದರ್ಧ ಸಾಮಾನ್ಯ ಸಸಿಗಳು. ನೋಡಿದರೆ ಯಾವುದು ಯಾವುದೆಂದು ತಿಳಿಯದು. ಜೀನ್ ಇರುವ ಕುಂಡದ ತಳದಲ್ಲಿ ಮಾತ್ರ ಒಂದು ಕೆಂಪು ಬೊಟ್ಟು. ಎಲ್ಲಕ್ಕೂ ವೈರಸ್ ಹಚ್ಚಿ ನೋಡುವ ಪರೀಕ್ಷೆಗೆ ಇನ್ನೂ ಒಂದು ವಾರವಿತ್ತು.

"ವೈರಸ್ ಹಚ್ಚೋದು ನೀವಲ್ಲ, ಏನೂ ಗೊತ್ತಿಲ್ಲದ ಕೈ ಆಗಿರಬೇಕು. ನೀವೇ ಹಚ್ಚಿದ್ರೆ ತಾಯಿ ಮಗೂಗೆ ಮಾರ್ಕ್ಸ್ ಹಾಕಿದ ಹಾಗೆ" ಎಂದು ವಿಭಾಗದ ಮುಖ್ಯಸ್ಥರು ಹಟ ಹಿಡಿದಿದ್ದರು. ಅವರ ದನಿ ಕೇಳಿ ಜನ ಇಟ್ಟ ಹೆಸರು ಗುಡುಗು.

ಈಗ ಅದೇ ಗುಡುಗು ಬಾಗಿಲಲ್ಲಿ ನಿಂತು ಎಲೆಗಳನ್ನು ನೋಡಿತು. "ಎಲ್ಲಿಂದ ಬಂತು?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲದ ರೋಗ ನನ್ನ ಗಾಜಿನ ಮನೇಲಿ ಇರಬಾರದು. ಮಧ್ಯಾಹ್ನದೊಳಗೆ ಮೂಲ ಹುಡುಕಿ. ಇಲ್ಲಾಂದ್ರೆ ಎಲ್ಲಾ ಸುಟ್ಟುಬಿಡಿ."

"ಈ ಬೀಜ ಇನ್ನೆಲ್ಲೂ ಇಲ್ಲ ಸರ್. ಇದು ಹೋದ್ರೆ ನನ್ನ ಕೆಲಸಾನೇ ಹೋಯ್ತು."

"ಅದಕ್ಕೇ ಮಧ್ಯಾಹ್ನದವರೆಗೂ ಬಿಟ್ಟಿರೋದು."

ಅವಳೊಳಗಿನ ಆಸ್ಪತ್ರೆಯವಳು ಎದ್ದು ಕೂತಳು. ರೋಗಿ ಯಾರೆನ್ನುವುದಕ್ಕಿಂತ ರೋಗಿ ಎಲ್ಲಿದ್ದ ಎಂಬುದನ್ನು ಮೊದಲು ನೋಡಬೇಕು. ಗೋಡೆಯ ಕಡೆಯ ಸಸಿಗಳೆಲ್ಲ ಚೆನ್ನಾಗಿದ್ದವು. ಕಾಯಿಲೆ ಬಿದ್ದದ್ದು ನಡೆದಾಡುವ ದಾರಿಯ ಪಕ್ಕದ ಸಾಲಿಗೆ ಮಾತ್ರ. ಇದು ಗಾಳಿ ತಂದದ್ದಲ್ಲ, ಹುಳ ತಂದದ್ದೂ ಅಲ್ಲ. ಇದು ಕೈ ತಂದದ್ದು.

ಅಷ್ಟರಲ್ಲಿ ಹಿಂಬಾಗಿಲು ಕಿರುಗುಟ್ಟಿತು. ಊಟದ ಡಬ್ಬಿ ಹಿಡಿದು ಬಂದ ಅಪ್ಪ, ಸಸಿಯೊಂದರ ತಲೆ ಸವರಲು ಕೈ ಚಾಚಿ ಅದನ್ನೇ ಮಾತಾಡಿಸಿದ. "ಏನಮ್ಮಾ, ಯಾಕೆ ಸಪ್ಪಗಿದೀಯ? ನಿಂಗೇನಾಯ್ತೋ ಮರಿ?"

"ಅಪ್ಪಾ! ಕೈ ತೆಗಿ!"

"ಯಾಕೆ? ದಿನಾ ಸವರ್ತೀನಲ್ಲ. ನನ್ನ ಕೈಗುಣ ಗೊತ್ತಿಲ್ವಾ? ಒಣಕಡ್ಡಿ ಮುಟ್ಟಿದ್ರೂ ಚಿಗುರತ್ತೆ."

ಅವಳು ಅವನ ಬೆರಳುಗಳನ್ನು ಒಂದು ದ್ರಾವಣದಲ್ಲಿ ಅದ್ದಿಸಿ, ಅದರಲ್ಲಿ ಪರೀಕ್ಷೆಯ ಪಟ್ಟಿ ನಿಲ್ಲಿಸಿದಳು. ಒಂದು ಗೆರೆ ಮೂಡಿದರೆ ಕೈ ಶುದ್ಧ, ಎರಡು ಮೂಡಿದರೆ ವೈರಸ್. ಮೊದಲನೆಯದು ಬಂತು. ಅದರ ಪಕ್ಕದಲ್ಲಿ, ನಾಚುತ್ತ ನಾಚುತ್ತ, ಎರಡನೆಯದೂ ಬಂತು.

"ಎರಡು ಗೆರೆ ಅಪ್ಪಾ. ಪಾಸಿಟಿವ್."

ಅಪ್ಪ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಎರಡು ಗೆರೇನಾ? ಈ ವಯಸ್ಸಲ್ಲಾ? ನಾಲ್ಕು ಜನ ಏನಂದುಕೊಂಡಾರು?"

ನಗಬಾರದೆಂದು ಅವಳು ತುಟಿ ಕಚ್ಚಿದಳು. ಈ ವೈರಸ್ಸಿನ ತವರು ಹೊಗೆಸೊಪ್ಪು. ಸೊಪ್ಪು ಒಣಗಿ, ಪುಡಿಯಾಗಿ, ಕಾಗದದ ಸುರುಳಿಯೊಳಗೆ ಹೋಗಿ ಕೂತರೂ ಅದು ಸಾಯದು.

"ಸಿಗರೇಟು ಎಲ್ಲಿ?"

"ಯಾವ ಸಿಗರೇಟು?"

ಅವಳು ಅಂಗೈ ಚಾಚಿದಳು. ಅಪ್ಪ ಮೇಲೆ ನೋಡಿದ, ಕೆಳಗೆ ನೋಡಿದ, ಕೊನೆಗೆ ಬಗ್ಗಿ ಕಾಲುಚೀಲದೊಳಗಿಂದ ಪ್ಯಾಕು ತೆಗೆದ. "ದಿನಕ್ಕೊಂದೇ ಕಣೇ. ನೀರಿನ ಟ್ಯಾಂಕಿನ ಹಿಂದೆ. ನಿಂಗೆ ವಾಸನೆ ಗೊತ್ತಾಗಬಾರದು ಅಂತ ಈ ಎಲೆ ಉಜ್ಜಿಕೊಳ್ತಿದ್ದೆ. ಟೊಮೆಟೊ ಎಲೆ ವಾಸನೆ ಮುಂದೆ ಯಾವ ವಾಸನೇನೂ ನಿಲ್ಲಲ್ಲ."

"ಯಾವ ಗಿಡದ್ದು?"

"ಒಂದನ್ನೇ ಉಜ್ಜಿದ್ರೆ ಪಾಪ ಅದಕ್ಕೆ ನೋಯಲ್ವಾ? ಈ ಸಾಲಿನದಕ್ಕೆಲ್ಲ ಒಂದೊಂದು ಸಲ. ನಾನು ಭೇದ ಮಾಡಿಲ್ಲಪ್ಪ."

ಬೈಯಲು ಬಾಯಿ ತೆರೆದವಳ ಕಣ್ಣು ಸಾಲಿನ ಮೇಲೆ ಬಿತ್ತು. ಅದೇ ಸಾಲಿನಲ್ಲಿ, ಕಾಯಿಲೆಯವುಗಳ ನಡುವೆ, ಏನೂ ಆಗದವೂ ಇದ್ದವು. ಅಕ್ಕಪಕ್ಕದವು ನರಳುತ್ತಿದ್ದರೆ ಇವು ಎದೆ ಸೆಟೆಸಿ ನಿಂತಿದ್ದವು. ಎಲ್ಲವನ್ನೂ ಮುಟ್ಟಿದ್ದು ಒಂದೇ ಕೈ. ಏನೂ ಗೊತ್ತಿಲ್ಲದ ಕೈ.

"ಸರ್!" ಎಂದು ಅವಳು ಕೂಗಿದ್ದಕ್ಕೆ ಗುಡುಗೇ ಬೆಚ್ಚಿಬಿದ್ದು ಪಕ್ಕದ ಕೋಣೆಯಿಂದ ಓಡಿಬಂತು.

ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮುಖ್ಯಸ್ಥರು ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈಗವಸು ತೊಟ್ಟರು. "ಕುಂಡ ಎತ್ತೋದು ನಾನು. ನೀವು ದೂರ ನಿಲ್ಲಿ. ಯಜಮಾನ್ರೇ, ಗಿಡ ಹೇಗಿದೆ ಅಂತ ನೀವು ಕೂಗಿ."

ಅಪ್ಪನಿಗೆ ಎಲ್ಲಿಲ್ಲದ ಹುರುಪು ಬಂತು. "ಕಾಯಿಲೆ!"

ಮುಖ್ಯಸ್ಥರು ಕುಂಡ ಎತ್ತಿ ತಳ ನೋಡಿದರು. "ಬೊಟ್ಟಿಲ್ಲ!"

"ಗಟ್ಟಿಮುಟ್ಟು!"

"ಕೆಂಪು!"

"ಕಾಯಿಲೆ!"

"ಇಲ್ಲ!"

"ಗಟ್ಟಿಮುಟ್ಟು!"

"ಕೆಂಪು! ಕೆಂಪು!"

ಮುಖ್ಯಸ್ಥರ ಇಸ್ತ್ರಿ ಅಂಗಿಯ ಮೇಲೆ ಮಣ್ಣು ಸುರಿಯುತ್ತಿತ್ತು. ಅವರಿಗೆ ಅದರ ಪರಿವೆಯಿರಲಿಲ್ಲ. ಅಪ್ಪ ಏಲಂ ಕೂಗುವವನಂತೆ ಕೈ ಎತ್ತುತ್ತಿದ್ದ. ಅವಳು ಕುಣಿಯದೆ ನಿಲ್ಲಲು ಬೆಂಚನ್ನು ಹಿಡಿದುಕೊಂಡಿದ್ದಳು. ಸಾಲಿನ ಕೊನೆಯ ಗಿಡ ಬಂತು.

"ಗಟ್ಟಿಮುಟ್ಟು!"

ಕುಂಡ ಎರಡು ಸಲ ತಿರುಗಿತು. "ಬೊಟ್ಟಿಲ್ಲ" ಎಂದರು ಮುಖ್ಯಸ್ಥರು, ಮೆಲ್ಲಗೆ.

ಸಾಮಾನ್ಯ ಸಸಿಯೂ ತಾನಾಗಿ ಉಳಿಯುವುದಾದರೆ ಅವಳ ಜೀನಿಗೇನು ಬೆಲೆ?

"ಅದನ್ನ ನಾನು ಮುಟ್ಟಿಲ್ಲ" ಎಂದ ಅಪ್ಪ.

"ಭೇದ ಮಾಡಿಲ್ಲ ಅಂದ್ರಲ್ಲ!" ಗುಡುಗು ಗುಡುಗಿತು.

"ಅದರಲ್ಲಿ ಜೇಡ ಇದೆ ಸ್ವಾಮಿ. ಇಷ್ಟುದ್ದ ಕಾಲು."

ಮುಖ್ಯಸ್ಥರು ನಂಬದೆ ಎಲೆ ಸರಿಸಿದರು. ಜೇಡ ನಿಧಾನವಾಗಿ ಇಳಿದು, ಅವರ ಕೈಗವಸು ದಾಟಿ, ತೋಳು ಹತ್ತತೊಡಗಿತು. ಗುಡುಗಿನ ಗಂಟಲಿನಿಂದ ಇಲಿಮರಿಯ ಕೀಚಲು ಹೊರಟಿತು.

ಅವಳು ನಗತೊಡಗಿದಳು. ನೆಲದ ಮೇಲೆ ಕೂತು, ಬೆಂಚಿನ ಕಾಲು ತಬ್ಬಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತನಗೆ ಇಂಥ ನಗು ಇತ್ತೆಂಬುದೇ ಮರೆತುಹೋಗಿತ್ತು.

ಜೇಡವನ್ನು ಕೊಡವಿಕೊಂಡ ಮುಖ್ಯಸ್ಥರು ದನಿ ಸರಿಪಡಿಸಿಕೊಂಡರು. "ಕಾಯಿಲೆಯವನ್ನ ಮಾತ್ರ ಸುಡಿ. ಉಳಿದವನ್ನ ಬೆಳೆಸಿ, ಬೀಜ ತೆಗೆದು, ಇದನ್ನೇ ಇನ್ನೊಂದು ಸಲ ಕ್ರಮವಾಗಿ ಮಾಡಿ. ಕೈ ಮಾತ್ರ ಇದೇ ಇರಲಿ."

ಅಪ್ಪನ ಮುಖ ಅರಳಿತು. "ಹಾಗಾದ್ರೆ ಸಿಗರೇಟು ಬಿಡೋ ಹಾಗಿಲ್ಲ. ವಿಜ್ಞಾನದ ಕೆಲಸ ನೋಡಿ!"

"ವೈರಸ್ ನಮ್ಮ ಫ್ರಿಜ್ಜಲ್ಲಿ ಬೇಕಾದಷ್ಟಿದೆ" ಎಂದು ಅವಳು ಪ್ಯಾಕನ್ನು ಸೋಂಕಿನ ಕಸದ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.

ಒಂದು ಬೋಗುಣಿಗೆ ಹಾಲು ಸುರಿದು ಅಪ್ಪನ ಕೈಗಳನ್ನು ಅದರಲ್ಲಿ ಮುಳುಗಿಸಿದಳು. ಈ ವೈರಸ್ಸಿನ ಸೊಕ್ಕು ಮುರಿಯುವುದು ಹಾಲು. ಅಪ್ಪ ಮಗುವಿನ ಹಾಗೆ ಬೆರಳು ಆಡಿಸಿದ. ಅವನ ಬೆರಳುಗಳನ್ನು ಒಂದೊಂದಾಗಿ ಉಜ್ಜುತ್ತ ಅವಳೆಂದಳು, "ಅಪ್ಪಾ, ಇನ್ನೊಂದು ಸಲ ಎಲ್ಲರಿಗೂ ಫೋನ್ ಮಾಡಿ ಹೇಳೋಕೆ ನಂಗಾಗಲ್ಲ."

ಅಪ್ಪನ ಬೆರಳಾಟ ನಿಂತಿತು. "ಆ ಗೆರೆ ಮೂಡೋ ಪಟ್ಟಿ ಇನ್ನೂ ಇದೆಯಾ ನಿನ್ನ ಹತ್ರ?"

"ಡಬ್ಬಿ ತುಂಬಾ ಇದೆ."

"ನನ್ನ ಮಾತು ನಂಬಬೇಡ. ದಿನಾ ಪಟ್ಟಿ ಹಾಕು."

ಮರುದಿನ ಊಟದ ಡಬ್ಬಿ ಕೆಳಗಿಡುವ ಮೊದಲೇ ಅಪ್ಪ ಬೆರಳು ಚಾಚಿದ. ಇಬ್ಬರೂ ಪಟ್ಟಿಯ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದರು. ಒಂದು ಗೆರೆ ಬಂತು. ಉಸಿರು ಬಿಗಿಹಿಡಿದು ಕಾದರು. ಇನ್ನೊಂದು ಬರಲಿಲ್ಲ.

"ಗಟ್ಟಿಮುಟ್ಟು!" ಎಂದು ಅಪ್ಪ ಗಾಜು ಅದುರುವಂತೆ ಕೂಗಿದ.

"ಕೆಂಪು!" ಎಂದಿತು ಪಕ್ಕದ ಕೋಣೆಯ ಗುಡುಗು.