ಹೆರಿಗೆ ಕೋಣೆಯ ಹೊರಗಿನ ಸಾಲು

"ಇದನ್ನ ಯಾರು ಯಾರಿಗೆ ಹೇಳ್ತಿರೋದು?"

ಸೊಸೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಕಂಪ್ಯೂಟರ್, ಪಕ್ಕದಲ್ಲಿ ಆರಿ ತಣ್ಣಗಾದ ಚಹಾ. ಆಸ್ಪತ್ರೆಯೊಂದರ ಗೋಡೆಯ ಪರದೆಗಳಲ್ಲಿ ಮೂಡುವ ಸಾಲುಗಳನ್ನು ತನ್ನ ಮನೆಮಾತಿಗೆ ಅನುವಾದಿಸುವುದು ಅವಳ ಕೆಲಸ. ಬರುವುದು ಬರೀ ಸಾಲು, ತಲೆಯಿಲ್ಲ ಬುಡವಿಲ್ಲ. ಪರದೆಯ ಚಿತ್ರ ಕಳಿಸುವ ವಾಡಿಕೆಯೇ ಇರಲಿಲ್ಲ. ಅವಳು ಮಾಡಿಕೊಟ್ಟದ್ದನ್ನು ಆಸ್ಪತ್ರೆಯವರು ಹಿಂದಿರುಗಿಸಿದ್ದರು: ಓದಿದರೆ ಕೋರ್ಟಿನ ನೋಟಿಸಿನಂತಿದೆ, ಸಂಜೆಯೊಳಗೆ ಸರಿಹೋಗದಿದ್ದರೆ ನಿಮ್ಮ ಭಾಷೆಯನ್ನೇ ಕೈಬಿಡುತ್ತೇವೆ. ಅವಳಿಗೆ ಊಟ ಸೇರಿರಲಿಲ್ಲ.

ಆ ಪರದೆಗಳನ್ನು ನಡೆಸುವ ತಂತ್ರಾಂಶ ಬರೆದವರಲ್ಲಿ ಒಬ್ಬಳು ಅವಳ ನಾದಿನಿಯೇ. ಪಕ್ಕದ ಕೋಣೆಯಿಂದ ಬಂದು ಇಣುಕಿದಳು.

"ಯಾವ ಸಾಲು ಅತ್ತಿಗೆ?"

"'ದಾಖಲಾತಿ ಪೂರ್ಣಗೊಂಡಿದೆ. ಸಂದರ್ಶಕರ ಮಿತಿ: ಒಬ್ಬರು.'"

"ಓ, ಅದು ಹೆರಿಗೆ ಕೋಣೆ ಹೊರಗೆ ಕಾಯೋ ಮನೆಯವರಿಗೆ ಕಾಣೋ ಪರದೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ನೋಡ್ಕೊಂಡೇ ನರ್ಸ್ ಈ ಸಾಲಿನ ಗುಂಡಿ ಒತ್ತೋದು. ಬೇರೆ ಏನಾದ್ರೂ ಆದ್ರೆ ಡಾಕ್ಟ್ರೇ ಬಂದು ಹೇಳ್ತಾರೆ."

ಸೊಸೆ ಕನ್ನಡಕ ತೆಗೆದಿಟ್ಟಳು. "ಈಗ ಹೇಳ್ತೀಯಲ್ಲೇ ಪುಣ್ಯಾತ್ಗಿತ್ತಿ. ಅದೂ ಒಂದೇ ಮನೇಲಿ ಇದ್ದುಕೊಂಡು."

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ಕೇಳುವ ಜೀವ ಯಾವುದೆಂದು ತಿಳಿಯದೆ ಆಡಿದ ಮಾತು ಎಷ್ಟು ಶುದ್ಧವಾಗಿದ್ದರೇನು? ಆ ಜೀವವನ್ನು ಕಣ್ಣಾರೆ ನೋಡಬೇಕೆನಿಸಿತು ಸೊಸೆಗೆ. ಆಟಕ್ಕೆ ಅಡುಗೆಮನೆಯೇ ಹೆರಿಗೆ ಕೋಣೆಯಾಯಿತು. ಅದರೆದುರು ಎರಡು ಕುರ್ಚಿ. ಒಂದರಲ್ಲಿ ಅತ್ತೆ, ಇನ್ನೊಂದರಲ್ಲಿ ಪತ್ರಿಕೆ ಬಿಡದ ಮಾವ.

"ಒಳಗಿರೋದು ನಿಮ್ಮ ಮಗಳು ಅಂದ್ಕೊಳ್ಳಿ ಅತ್ತೆ."

"ಇವಳಾ? ಮೊದಲು ಮದುವೆಗೆ ಒಪ್ಪಲಿ."

ಸೊಸೆ ಹಳೆಯ ಸಾಲನ್ನೇ ಓದಿದಳು. ಅತ್ತೆ ಕೂತಲ್ಲೇ ಕೂತಿದ್ದರು.

"ಆಮೇಲೆ?"

"ಅಷ್ಟೇ."

"ಮಗು ಏನಾಯ್ತಮ್ಮ?"

ಆಟವೆಂಬುದು ಮರೆತುಹೋಗಿ ಅವರ ದನಿ ನಿಜಕ್ಕೂ ನಡುಗಿತ್ತು. ಆ ನಡುಕವನ್ನು ಕಿವಿಯಲ್ಲಿಟ್ಟುಕೊಂಡೇ ಸೊಸೆ ಬರೆದಳು. ದೇವರ ಮುಂದೆ ಹೇಳಿಕೊಳ್ಳುವವಳಂತೆ ಮೆಲ್ಲನೆ ಓದಿದಳು:

"ಮಗು ಹುಟ್ಟಿದೆ. ತಾಯಿ, ಮಗು ಇಬ್ಬರೂ ಕ್ಷೇಮ. ನಿಮ್ಮಲ್ಲಿ ಒಬ್ಬರು ಒಳಗೆ ಬನ್ನಿ."

ಓದಿ ಮುಗಿಸುವಷ್ಟರಲ್ಲಿ ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದರು, ಮುಖ ಹೂವಾಗಿ ಅರಳಿತ್ತು. ನಾದಿನಿ ನಗುತ್ತಲೇ ಸಾಲನ್ನು ಕಳಿಸಿದಳು. ತುಸು ಹೊತ್ತಿಗೆ ಆಸ್ಪತ್ರೆಯಿಂದ ಉತ್ತರ ಬಂತು: ಇದು ಮಾತು, ನಿಮ್ಮ ಭಾಷೆ ಗೋಡೆಯ ಮೇಲಿರಲಿ, ಉಳಿದವನ್ನೂ ಹೀಗೇ ಮಾಡಿ. ಸೊಸೆಯ ಎದೆಯ ಮೇಲಿನ ಕಲ್ಲು ಇಳಿಯಿತು. ತಣ್ಣಗಿನ ಚಹಾವನ್ನೇ ಗಟಗಟ ಕುಡಿದಳು.

ಅತ್ತೆ ಮಾತ್ರ ಬಾಗಿಲು ಬಿಟ್ಟಿರಲಿಲ್ಲ. ಮಾವ ಪತ್ರಿಕೆ ಮಡಚಿ ಹತ್ತಿರ ಬಂದರು.

"ಒಳಗೆ ಬಿಡೋದು ಒಬ್ಬರನ್ನೇ ಅಂತೆ. ನಾನು ನೋಡ್ಕೊಂಡು ಬರ್ತೀನಿ, ಸ್ವಲ್ಪ ದಾರಿ ಬಿಡೆ."

ಅತ್ತೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು.

"ಬಿಡಲ್ಲ ಅಂದ್ರೆ ಬಿಡಲ್ಲ."