ಬಬಲೇಶ್ವರದ ವರನ ಕೈಮೋಜಾ

ಗೌರಾಬಾಯಿ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಮುಂದೆ ಗೋಣಿತಾಟಿನ ಮೇಲೆ ದ್ರಾಕ್ಷಿಯ ರಾಶಿ, ಪಕ್ಕದ ಮೊರದಲ್ಲಿ ಬಿಡಿಸಿದ್ದು. ಎದುರಿಗೆ ಮಗಳು ಮಲಕವ್ವ. ಮಗಳ ಕೈ ರಾಶಿಯಲ್ಲಿತ್ತು, ಕಣ್ಣು ಮಾತ್ರ ವಿಜಾಪುರದ ರಸ್ತೆಯ ಮೇಲೆ.

"ತೊಟ್ಟು ಬಾಯಾಗ ಹಾಕ್ಕೊಂಡಿ, ದ್ರಾಕ್ಷಿ ಕಸದಾಗ ಒಗದಿ," ಎಂದಳು ಗೌರಾಬಾಯಿ. "ಲಕ್ಷ್ಯ ಎಲ್ಲೈತಿ ನಿಂದು?"

"ಇವತ್ತ ಗಾಡಿ ಬರೂ ದಿನಾ ಬೇ," ಎಂದಳು ಮಲಕವ್ವ, ತೊಟ್ಟನ್ನು ಉಗುಳಿ.

ಅಷ್ಟರಲ್ಲಿ ಗಂಡ ಶಿವಶರಣಪ್ಪ ಒಳಗಿನಿಂದ ಬಂದ. ಕೈಯಲ್ಲಿ ಮತ್ತದೇ ನೀಲಿ ಇನ್‌ಲ್ಯಾಂಡ್ ಪತ್ರ.

"ಏನಂತಿ? ಇವತ್ತರೆ ಡಬ್ಬಿಗೆ ಹಾಕಲ್ಯೋ?"

"ಹುಡುಗನ ಕೈ ನೋಡೂತನಕ ಇಲ್ಲರಿ."

"ಸಂಕ್ರಾಂತಿಗೆ ಬರದದ್ದು. ಬಸವ ಜಯಂತೀನೂ ಆತು. ಹುಡುಗನ ತಾಯಿ ಏನು ಹೇಳಿ ಕಳಸ್ಯಾಳ, ಕೇಳಿದಿಲ್ಲ? ಈ ಅಮಾಸಿ ಒಳಗ ಪತ್ರ ಬರಲಿಲ್ಲಂದ್ರ ಜಮಖಂಡಿ ಹುಡುಗೀನ ನೋಡಾಕ ಹೋಗ್ತಾರಂತ. ಅಮಾಸಿ ನಾಡದ ಐತಿ!"

ಜಮಖಂಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮಲಕವ್ವ ಒಂದು ಹಿಡಿ ದ್ರಾಕ್ಷಿಯನ್ನು ತೊಟ್ಟು ಸಮೇತ ಮೊರಕ್ಕೆ ಎಸೆದಳು.

ಪತ್ರದಲ್ಲಿದ್ದದ್ದು ಇಷ್ಟೇ. ನಿಮ್ಮ ಮಗ ಚಿರಂಜೀವಿ ಯಲಗೂರಪ್ಪನಿಗೆ ನಮ್ಮ ಮಗಳನ್ನು ಕೊಡಲು ನಮಗೆಲ್ಲ ಒಪ್ಪಿಗೆಯದೆ, ಬಂದು ಮಾತು ಮುಗಿಸಿಕೊಂಡು ಹೋಗಬೇಕು. ಹುಡುಗ ಬಬಲೇಶ್ವರದವನು, ವಿಜಾಪುರದ ಸ್ಟೇಷನ್ ರಸ್ತೆಯ ಒಣದ್ರಾಕ್ಷಿ ವ್ಯಾಪಾರಿ ಬಸಲಿಂಗಯ್ಯನವರ ಅಂಬಾಸಿಡರ್ ಗಾಡಿ ಓಡಿಸುತ್ತಿದ್ದ. ಮೂಗು ನೆಟ್ಟಗೆ, ಮಾತು ಮೆತ್ತಗೆ, ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಒಂದು, ಕೈಮೋಜಾ. ಮಣಿಕಟ್ಟಿನವರೆಗೆ ಬರುವ ಕರಿ ಚರ್ಮದ ಕೈಮೋಜಾ.

ಗಾಡಿ ಓಡಿಸುವಾಗ ಹಾಕಿಕೊಂಡರೆ ಯಾರೂ ಕೇಳುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ದಿನವೂ ಆ ಮನುಷ್ಯ ಅದನ್ನು ತೆಗೆಯಲಿಲ್ಲ. ಕೈಕಾಲಿಗೆ ನೀರು ಕೊಟ್ಟರೆ ಕಾಲಷ್ಟೇ ತೊಳೆದು, "ಕೈ ಸ್ವಚ್ಛ ಅದಾವ್ರಿ" ಎಂದ. ಶಿರಾ ಇಟ್ಟರೆ ಚಮಚೆ ಕೇಳಿದ. ಆ ಮನೆಯಲ್ಲಿ ಚಮಚೆ ಎಲ್ಲಿಂದ ಬರಬೇಕು? ಮಾಸ್ತರರ ಮನೆಗೆ ಓಡಿ ತಂದದ್ದಾಯಿತು. ಎಲೆ ಅಡಿಕೆಯನ್ನೂ ಮೋಜಾದ ಕೈಯಲ್ಲೇ ಇಸಿದುಕೊಂಡ. ಯಾಕಪ್ಪಾ ಎಂದು ಶಿವಶರಣಪ್ಪ ಹಗೂರಕೆ ಕೇಳಿದ್ದಕ್ಕೆ, "ಸ್ಟೇರಿಂಗ್ ಸುಡತೈತ್ರಿ" ಎಂದು ತಲೆ ತಗ್ಗಿಸಿದ.

"ನಮ್ಮ ಪಡಸಾಲ್ಯಾಗ ಎಲ್ಲಿತ್ತು ಸ್ಟೇರಿಂಗು?" ಎಂದು ಗೌರಾಬಾಯಿ ಅಂದಿನಿಂದ ಕೇಳುತ್ತಲೇ ಇದ್ದಳು.

ಅವರ ಊರು ತಿಕೋಟಾದಲ್ಲಿ ಉತ್ತರ ಕೊಡುವವರಿಗೇನು ಬರವೇ? ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ತಿದ್ದುವ ಪೀರಸಾಬ ಹಿಂದೊಮ್ಮೆ ಯಾವನೋ ಸಾಹೇಬನ ಕಾರು ಒರೆಸಿದ್ದವನು. ಕಾರಿನ ವಿಷಯದಲ್ಲಿ ಅವನದೇ ಕೊನೆಯ ಮಾತು. "ಮೋಟರ್ ಮಂದಿ ಕೈಮೋಜಾ ಯಾಕ ಹಾಕ್ತಾರಂದ್ರ ನೋಡ್ರಿ ಅಕ್ಕಾರ," ಎಂದಿದ್ದ. "ಕೆಲವ್ರು ಕೈ ಬೆವತು ಜಾರ್ತಾವಂತ. ಕೆಲವ್ರು ಥಂಡಿ ಅಂತ. ಉಳದವ್ರು, ಗಾಡಿ ತಮ್ಮದಲ್ಲ ಅನ್ನೂದು ಮಂದಿಗೆ ತಿಳೀಬಾರದಂತ."

ಬಾಜೂ ಮನೆಯ ಕಾಳವ್ವಳಿಗೆ ಇದು ಸಪ್ಪೆ ಎನಿಸಿತು. "ಗೌರಕ್ಕಾ, ಅವಗ ಆರು ಬೆರಳು ಇರಬೇಕು ನೋಡು."

"ಐದು ಬೆರಳಿನ ಮೋಜಾದಾಗ ಆರು ಹ್ಯಾಂಗ ಹೊಕ್ತಾವ ಬೇ?"

"ಹಂಗಾರ ನಾಲ್ಕು. ಐದನೇದರಾಗ ಹತ್ತಿ ತುರಕ್ಯಾನ."

ಮರುದಿನ ಕಾಳವ್ವಳೇ ಬಂದು, ಅಂಗೈ ಮೇಲೆ ಬೇರೆ ಯಾವಳೋ ಹೆಸರಿನ ಹಚ್ಚೆ ಇರಬೇಕೆಂದಳು. ಮಲಕವ್ವ ಕೇಳಿ ಕೇಳಿ ಸಾಕಾಗಿ, "ನಾ ಏನು ಬರೇ ಕೈಗೆ ಲಗ್ನ ಆಗ್ತೀನೇನು? ಉಳದದ್ದೆಲ್ಲಾ ಕಾಣತೈತೆಲ್ಲ!" ಎಂದು ಬಾಯಿ ಮಾಡಿದ್ದಳು. ಗೌರಾಬಾಯಿಯ ಮನಸ್ಸು ಮಾತ್ರ ಒಪ್ಪಲಿಲ್ಲ. ಕೊಡ ಕೊಳ್ಳುವಾಗ ಬಡಿದು ನೋಡುವ ಹೆಂಗಸು ಅವಳು. ಮಗಳ ಕೈ ಹಿಡಿಯುವ ಕೈಯನ್ನೇ ನೋಡದೆ ಹೇಗೆ ಹೂಂ ಅಂದಾಳು?

ಮಧ್ಯಾಹ್ನ ಉರಿಬಿಸಿಲಲ್ಲಿ ಗಾಡಿ ಬಂತು. ಬಸಲಿಂಗಯ್ಯನವರು ಇಳಿದು, ಶಿವಶರಣಪ್ಪನ ಜೊತೆ ದ್ರಾಕ್ಷಿ ನೋಡಲು ಶೆಡ್ಡಿಗೆ ಹೋದರು. ಯಲಗೂರಪ್ಪ ಗಾಡಿಯನ್ನು ಅಂಗಳದಲ್ಲಿ ಬಿಟ್ಟು ಬೇವಿನ ನೆರಳಿಗೆ ಬಂದು ನಿಂತ. ಕಾಳವ್ವ ಸಕ್ಕರೆ ಕೇಳುವ ನೆವ ಮಾಡಿ ಆಗಲೇ ಹಾಜರಿದ್ದಳು.

ಗೌರಾಬಾಯಿ ಮೊದಲು ಮಜ್ಜಿಗೆ ಕೊಟ್ಟಳು. ಮೋಜಾದಲ್ಲೇ ಹಿಡಿದು ಕುಡಿದ. ಆಮೇಲೆ ರಸ ಸೋರುವ ಮಾವಿನ ಹಣ್ಣು ತಂದಳು.

"ತಿನ್ನು ತಮ್ಮಾ. ಚಮಚೆ ಇಲ್ಲ ಮತ್ತ."

"ಹೊಟ್ಟಿ ತುಂಬೇತ್ರಿ ಯವ್ವಾರ."

"ಹಂಗಾರ ಈ ನೂಲಿನ ಗಂಟರೆ ಬಿಡಿಸಿ ಕೊಡು. ನನಗ ಕಣ್ಣು ಕಾಣೂದಿಲ್ಲ."

ಪುಣ್ಯಾತ್ಮ ಗಂಟನ್ನು ಹಲ್ಲಿನಿಂದ ಬಿಡಿಸಿ ಕೊಟ್ಟ. ಕಾಳವ್ವ ಹಣೆ ಬಡಿದುಕೊಂಡಳು.

ಗೌರಾಬಾಯಿಗೆ ರೋಸಿಹೋಯಿತು. ಆ ಸ್ಟೇರಿಂಗ್ ಅದೆಷ್ಟು ಸುಡುತ್ತದೋ ನೋಡಿಯೇ ಬಿಡುವಾ ಎಂದು ಸೀದಾ ಗಾಡಿಯ ಬಾಗಿಲು ತೆಗೆದು, ಡ್ರೈವರನ ಜಾಗದಲ್ಲಿ ಕೂತಳು.

"ಯವ್ವಾರ, ಬ್ಯಾಡ್ರಿ, ಕಾದೈತ್ರಿ!" ಎಂದು ಯಲಗೂರಪ್ಪ ಕೂಗಿದ.

"ಲಗ್ನ ಆದಾಗಿಂದ ಹಂಚಿನ ಮ್ಯಾಲಿನ ರೊಟ್ಟಿ ಬರಿಗೈಲೆ ತಿರುವೇನಿ. ನನಗ ಹೇಳ್ತಿಯಾ?" ಎಂದು ಎರಡೂ ಕೈಯಿಂದ ಸ್ಟೇರಿಂಗನ್ನೂ, ಅದರೊಳಗಿನ ಹೊಳೆಯುವ ಹಾರ್ನಿನ ಬಳೆಯನ್ನೂ ಸೇರಿಸಿ ಗಟ್ಟಿಯಾಗಿ ಹಿಡಿದಳು.

"ಯಪ್ಪಾ!"

ಹಂಚಿನ ಮೇಲಿನ ರೊಟ್ಟಿಯನ್ನು ಮುಟ್ಟಿ ಬಿಡುತ್ತೇವೆ, ಅಪ್ಪಿಕೊಂಡು ಕೂರುವುದಿಲ್ಲವಲ್ಲ. ಕೈ ಕಿತ್ತುಕೊಳ್ಳುವ ಅವಸರದಲ್ಲಿ ಗೌರಾಬಾಯಿ ಮುಗ್ಗರಿಸಿ ಹಾರ್ನಿನ ಮೇಲೆಯೇ ಬಿದ್ದಳು. ಗಾಡಿ ಊರು ಹಾರಿಹೋಗುವಂತೆ ಬೊಬ್ಬೆ ಹೊಡೆಯಿತು. ಶೆಡ್ಡಿನಿಂದ ಬಸಲಿಂಗಯ್ಯನವರು ಬಾಯಲ್ಲಿ ದ್ರಾಕ್ಷಿ ಇಟ್ಟುಕೊಂಡೇ ಓಡಿ ಬಂದರು, ಹಿಂದೆ ಶಿವಶರಣಪ್ಪ. ಮಲಕವ್ವ ಹೊಸ್ತಿಲಿಗೆ ಬಂದು ನಿಂತಳು.

ಯಲಗೂರಪ್ಪ ಗೌರಾಬಾಯಿಯನ್ನು ಕೆಳಗಿಳಿಸಿ ನೀರಿನ ಹರವಿಯ ಹತ್ತಿರ ಕರೆತಂದ. ಚರ್ಮದ ಮೋಜಾ ನೀರಲ್ಲಿ ನೆಂದರೆ ಕೆಡುತ್ತದೆಂದು ಮೊದಲೇ ತೆಗೆಯುವುದು ಕೈಗೇ ಹತ್ತಿದ ರೂಢಿ. ಪಟಕ್ಕನೆ ಮೋಜಾ ಕಿತ್ತೊಗೆದು, ಅವಳ ಎರಡೂ ಕೈ ಹಿಡಿದು ಹರವಿಯೊಳಗೆ ಮುಳುಗಿಸಿದ. ಆಮೇಲೆ ತಾನು ಮಾಡಿದ್ದು ಅವನಿಗೇ ಹೊಳೆಯಿತು.

ಎಲ್ಲರೂ ನೋಡಿದರು. ಅವನ ತೋಳು ಹಂಚಿನ ತಳದಷ್ಟು ಕಪ್ಪು. ಮಣಿಕಟ್ಟಿನ ಹತ್ತಿರ ದಾರ ಹಿಡಿದು ಎಳೆದಂತೆ ಒಂದು ಗೆರೆ. ಅಲ್ಲಿಂದ ಮುಂದೆ ಸುಲಿದ ಬಳ್ಳೊಳ್ಳಿಯಂಥ ಬಿಳಿ ಬಿಳಿ ಕೈ. ಯಾರದೋ ಕೈಯನ್ನು ಕಡ ತಂದು ಜೋಡಿಸಿದ ಹಾಗಿತ್ತು.

"ಅಯ್ಯ ಶಿವನ, ತೊನ್ನು!" ಎಂದಳು ಕಾಳವ್ವ.

ಯಲಗೂರಪ್ಪ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಅಲ್ಲರಿ! ವರ್ಷಾನುಗಟ್ಟಲೆ ಹಗಲೆಲ್ಲಾ ಮೋಜಾ ಹಾಕಿ ಹಿಂಗಾಗ್ಯಾವ. ಹೆಣ್ಣಿನವರು ನೋಡಿದ್ರ ತೊನ್ನು ಅಂದುಬಿಡ್ತಾರಂತ ಗೆಳ್ಯಾರು ಹೆದರಿಸಿದ್ರು. ಅದಕ್ಕ ತೆಗೀಲಿಲ್ಲ." ಮುಖ ಅಳುವ ಕೂಸಿನಂತಾಗಿತ್ತು. "ನೀವು ಪತ್ರಾ ಹಾಕಲಿಲ್ಲ. ಹೆಂಗೋ ಗೊತ್ತಾಗೈತಿ ಅನಕೊಂಡೆ."

ಗೌರಾಬಾಯಿ ಹರವಿಯೊಳಗೆ ಇಣುಕಿ ನೋಡುತ್ತಿದ್ದಳು. ನೀರಲ್ಲಿ ಅವಳ ಹಸಿರು ಬಳೆಗಳು ಮೇಲಕ್ಕೆ ಸರಿದು, ಅವುಗಳ ಕೆಳಗೆ ಬಿಸಿಲನ್ನೇ ಕಾಣದ ಒಂದು ಬಿಳಿ ಪಟ್ಟಿ ಕಾಣುತ್ತಿತ್ತು. ಕೈ ಹೊರಗೆ ತೆಗೆದು, ಬೆನ್ನ ಹಿಂದಿದ್ದ ಅವನ ಕೈಯನ್ನು ಎಳೆದು ಪಕ್ಕದಲ್ಲಿ ಹಿಡಿದಳು. ಅದೇ ಬಣ್ಣ.

"ಕಾಳವ್ವಾ, ನಿನ್ನ ಕೈಯಾಗಿನ ಬಳಿ ಒಂಚೂರು ಸರಸು."

ಕಾಳವ್ವ ಸರಿಸಿದಳು. "ಯವ್ವಾ! ನನಗೂ ಐತಿ!"

ಬಸಲಿಂಗಯ್ಯನವರು ಕುತೂಹಲಕ್ಕೆ ಗಡಿಯಾರ ಬಿಚ್ಚಿದರು. ದುಂಡಗೆ ಇನ್ನೊಂದು ಬಿಳಿ ಗಡಿಯಾರ! ಶಿವಶರಣಪ್ಪ ತಾನೇಕೆ ಕಡಿಮೆ ಎಂದು ರುಮಾಲು ಎತ್ತಿದ. ಅರ್ಧ ಹಣೆ ಹಾಲಿನಂತೆ ಹೊಳೆಯಿತು. ನಡು ಅಂಗಳದಲ್ಲಿ ಬಳೆ ಸರಿಸಿ, ಗಡಿಯಾರ ಬಿಚ್ಚಿ, ರುಮಾಲು ಎತ್ತಿ ಹಿಡಿದು ನಿಂತ ಹಿರಿಯರನ್ನು ನೋಡಿ ಮಲಕವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಯಲಗೂರಪ್ಪನೂ ನಕ್ಕ. ಗೌರಾಬಾಯಿ ಅವನ ಕೈಯನ್ನು ಹಿಂದೆ ಮುಂದೆ ತಿರುವಿ, ಬೆರಳು ಎಣಿಸಿ, ಅಂಗೈ ಮೇಲೆ ಯಾರ ಹೆಸರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಿಟ್ಟಳು.

"ಪತ್ರಾ ತಗೊಂಬರ್ರಿ," ಎಂದಳು ಗಂಡನಿಗೆ.

"ಹುಡುಗ ಇಲ್ಲೇ ನಿಂತಾನ. ಅವನ ಕೈಯಾಗ ಕೊಟ್ರಾತು."

"ವರನ ಕೈಯಾಗ ಅವಂದ ಒಪ್ಪಿಗಿ ಕಳಸ್ತಾರೇನ್ರಿ? ನಾಕ ಮಂದಿ ನಗ್ತಾರ. ಟಪಾಲಿನಾಗ ಹೋಗಲಿ, ಮರ್ಯಾದಿಲೆ."

"ಟಪಾಲು ಒಯ್ಯೂ ವ್ಯಾಳ್ಯಾ ಆತು!"

"ಗಾಡಿ ಐತೆಲ್ರಿ, ಹತ್ರಿ ಎಲ್ಲಾರೂ," ಎಂದರು ಬಸಲಿಂಗಯ್ಯನವರು.

ಯಲಗೂರಪ್ಪ ಮೋಜಾ ಹುಡುಕಿದ. ಅವು ಮಲಕವ್ವಳ ಕೈಯಲ್ಲಿದ್ದವು. "ಇವು ಇಲ್ಲೇ ಇರ್ಲಿ," ಎಂದಳು, ಅವನನ್ನು ನೋಡದೆ. "ಕೈಗೂ ಸ್ವಲ್ಪ ಬಿಸಲು ಬೀಳಲಿ."

ಹಾಗಾಗಿ ಮದುಮಗ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದನ್ನು ಊದುತ್ತ, ಆ ಕೈ ಹಿಡಿದು ಈ ಕೈ ಊದುತ್ತ ಗಾಡಿ ಓಡಿಸಿದ. ಗಾಡಿಯೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಾಡುತ್ತ ಹೋಯಿತು. ಪಂಕ್ಚರ್ ಅಂಗಡಿಯ ಮುಂದೆ ಪೀರಸಾಬ ಎದ್ದು ನಿಂತು, "ಮೋಜಾ ಎಲ್ಲಿ ಹೋದುವೋ?" ಎಂದು ಕೂಗಿದ. ಹಿಂದಿನ ಸೀಟಿನಲ್ಲಿ ಗೌರಾಬಾಯಿ ಹಸಿ ಅರಿವೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ರಾಣಿಯಂತೆ ಕೂತಿದ್ದಳು.

ಟಪಾಲು ಕಚೇರಿಯ ಮುಂದೆ ಶಿವಶರಣಪ್ಪ ಇಳಿದ. ಪತ್ರ ತೆರೆದು ಸಂಕ್ರಾಂತಿಯ ತಾರೀಖು ಹೊಡೆದು ಇವತ್ತಿನದು ಬರೆದ, ಅಂಚಿಗೆ ನಾಲಿಗೆ ಹಚ್ಚಿ ಅಂಟಿಸಿದ. ಕೆಂಪು ಡಬ್ಬಿಯ ಬಾಯಿಯ ಮುಚ್ಚಳವೂ ಕಾದಿತ್ತು. ಧೋತರದ ಚುಂಗಿನಿಂದ ಅದನ್ನೆತ್ತಿ ಹಿಡಿದು ಹೆಂಡತಿಯ ಕಡೆ ತಿರುಗಿದ.

"ಹಾಕಲ್ಯಾ?"

"ಹಾಕ್ರಿ ಲಗೂನ," ಎಂದಳು ಗೌರಾಬಾಯಿ.

ಶಿವಶರಣಪ್ಪ ಪತ್ರವನ್ನು ಒಳಗೆ ಬಿಟ್ಟ.